ಇಂಜೆಕ್ಟರ್ ಕೆಟ್ಟಿದೆಯೋ, ಅದಕ್ಕೆ ಹೋಗುವ ವೈರು ಕೆಟ್ಟಿದೆಯೋ?

ವಾಹನ ವಿಚಾರ: ಓದುಗರ ಪ್ರಶ್ನೆಗಳಿಗೆ ಉತ್ತರ

ಮಳೆಗಾಲ ಮುಗಿಯುತ್ತ ಬಂದ ಹಾಗೆ ಉತ್ತರ ಕನ್ನಡ ಜಿಲ್ಲೆಯ ಓದುಗರಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ದೂರನ್ನು ಹೇಳುತ್ತಿವೆ. ಎಂಜಿನ್ ಮಿಸ್ಸಿಂಗ್ ಆಗುತ್ತದೆ, ಸ್ಕ್ಯಾನರ್ ಎಂಜಿನ್ನಿಗೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್‌ನ ಹೆಸರು ಹೇಳುತ್ತದೆ, ಇಂಜೆಕ್ಟರ್ ಬದಲಾಯಿಸಿದರೂ ತೊಂದರೆ ಹೋಗುವುದಿಲ್ಲ. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಇಂಜೆಕ್ಟರ್‌ನ ವಿದ್ಯುತ್ ದೋಷಗಳಿಗೇ ಮೀಸಲಿಟ್ಟಿದ್ದೇನೆ. ಮೊದಲ ಪ್ರಶ್ನೆಯ ಉತ್ತರ ದೀರ್ಘವಾಗಿದೆ. ಉಳಿದವರೂ ಅದನ್ನು ಓದಿಕೊಂಡು ತಮ್ಮ ಉತ್ತರಕ್ಕೆ ಬರಬೇಕೆಂದು ವಿನಂತಿ.

ಪ್ರಶ್ನೆ: ಮಾನ್ಯರೇ, ನಮ್ಮದು ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರು, ಎಂಟು ವರ್ಷ ಹಳೆಯದು. ಕಾಳಿ ಸೇತುವೆ ದಾಟಿ ದಿನವೂ ಕಾರವಾರಕ್ಕೆ ಕೆಲಸಕ್ಕೆ ಬರುತ್ತೇನೆ. ಕಾರು ರಾತ್ರಿಯೆಲ್ಲ ಸಮುದ್ರದ ಗಾಳಿ ಬೀಸುವ ತೆರೆದ ಅಂಗಳದಲ್ಲಿ ನಿಲ್ಲುತ್ತದೆ. ಜುಲೈ ತಿಂಗಳಿನಿಂದ ಬೆಳಗಿನ ಹೊತ್ತು ಎಂಜಿನ್ ನಡುಗತೊಡಗಿತು, ಚೆಕ್ ಎಂಜಿನ್ ದೀಪ ಹತ್ತಿಕೊಂಡಿತು. ಗ್ಯಾರೇಜಿನಲ್ಲಿ ಸ್ಕ್ಯಾನ್ ಮಾಡಿದಾಗ ಪಿ0202 ಎಂಬ ಕೋಡ್ ಬಂತು. ಎರಡನೇ ಸಿಲಿಂಡರಿನ ಇಂಜೆಕ್ಟರ್ ಹೋಗಿದೆ ಎಂದು ಹೊಸದನ್ನು ಹಾಕಿದರು. ಎರಡು ವಾರ ಗಾಡಿ ಸರಿಯಾಗಿಯೇ ಓಡಿತು. ಈಗ ಅದೇ ಕೋಡ್ ಮತ್ತೆ ಬಂದಿದೆ, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಬದಲಾಯಿಸಬೇಕು ಎನ್ನುತ್ತಿದ್ದಾರೆ. ಅಷ್ಟು ಖರ್ಚಿಗೆ ಒಪ್ಪುವ ಮೊದಲು ಏನೇನು ಪರೀಕ್ಷೆ ಮಾಡಿಸಬೇಕು?
– ಓದುಗರು, ಸದಾಶಿವಗಡ

ಉತ್ತರ: ದಯವಿಟ್ಟು ಇಸಿಯು ಬದಲಾಯಿಸುವುದಕ್ಕೆ ಈಗಲೇ ಒಪ್ಪಬೇಡಿ. ನಿಮ್ಮ ಪತ್ರದಲ್ಲಿರುವ ಒಂದು ಮಾತು, ಅಂದರೆ ಹೊಸ ಇಂಜೆಕ್ಟರ್ ಹಾಕಿದ ಮೇಲೆ ಎರಡು ವಾರ ಗಾಡಿ ಸರಿಯಿತ್ತು ಎಂಬುದು, ದೋಷ ಎಲ್ಲಿರಬಹುದು ಎಂಬುದರ ಬಗ್ಗೆ ಸ್ಕ್ಯಾನರ್‌ಗಿಂತ ಹೆಚ್ಚು ಹೇಳುತ್ತದೆ. ಇಂಜೆಕ್ಟರ್ ಬದಲಾಯಿಸುವಾಗ ಮೆಕ್ಯಾನಿಕ್ ಅದರ ಕಪ್ಲರನ್ನು, ಅಂದರೆ ವೈರಿನ ತುದಿಯ ಪ್ಲಗ್ಗನ್ನು, ಬಿಚ್ಚಲೇಬೇಕು, ಮತ್ತೆ ಒತ್ತಿ ಕೂರಿಸಲೇಬೇಕು. ಬಿಚ್ಚಿ ಕೂರಿಸುವಾಗ ಒಳಗಿನ ಪಿನ್ನುಗಳು ಒಂದಕ್ಕೊಂದು ಉಜ್ಜಿ, ಮೇಲೆ ಕಟ್ಟಿದ ಕಿಲುಬು ಸ್ವಲ್ಪ ಕಳಚಿ, ಸಂಪರ್ಕ ತಾತ್ಕಾಲಿಕವಾಗಿ ಸರಿಯಾಗುತ್ತದೆ. ಕೆಲವು ದಿನ ಕಳೆದು ತೇವ ಮತ್ತೆ ಒಳಗೆ ಸೇರಿದಾಗ ತೊಂದರೆ ಮರುಕಳಿಸುತ್ತದೆ. ನಿಮ್ಮ ಹಳೆಯ ಇಂಜೆಕ್ಟರ್ ಚೆನ್ನಾಗಿಯೇ ಇದ್ದಿರುವ ಸಾಧ್ಯತೆ ಬಹಳ. ಅದನ್ನು ಗ್ಯಾರೇಜಿನಿಂದ ಕೇಳಿ ಪಡೆದಿಟ್ಟುಕೊಳ್ಳಿ, ಪರೀಕ್ಷೆಗೆ ಬೇಕಾಗುತ್ತದೆ.

ಪಿ0202 ಎಂದರೆ ಎರಡನೇ ಸಿಲಿಂಡರಿನ ಇಂಜೆಕ್ಟರ್ ಸರ್ಕ್ಯೂಟಿನಲ್ಲಿ ದೋಷವಿದೆ ಎಂದಷ್ಟೇ ಅರ್ಥ. ಪಿ0201ರಿಂದ ಪಿ0204ರವರೆಗಿನ ಕೋಡುಗಳು ಕ್ರಮವಾಗಿ ಒಂದರಿಂದ ನಾಲ್ಕನೇ ಸಿಲಿಂಡರಿನವು. ಈ ಸರ್ಕ್ಯೂಟಿನಲ್ಲಿ ಇಂಜೆಕ್ಟರ್ ಒಂದು ಭಾಗ ಮಾತ್ರ. ಬ್ಯಾಟರಿಯಿಂದ ಫ್ಯೂಸ್ ಮತ್ತು ಮೇನ್ ರಿಲೇ ಮೂಲಕ 12 ವೋಲ್ಟ್ ಬಂದು ಇಂಜೆಕ್ಟರ್‌ನ ಒಂದು ಪಿನ್ನನ್ನು ಸೇರುತ್ತದೆ. ಇದು ನಾಲ್ಕೂ ಇಂಜೆಕ್ಟರ್‌ಗಳಿಗೆ ಸಾಮಾನ್ಯವಾದ ವೈರು. ಇನ್ನೊಂದು ಪಿನ್ನಿನಿಂದ ಪ್ರತಿ ಇಂಜೆಕ್ಟರ್‌ಗೆ ಪ್ರತ್ಯೇಕ ವೈರು ಇಸಿಯುಗೆ ಹೋಗುತ್ತದೆ. ಪೆಟ್ರೋಲ್ ಬೇಕಾದ ಕ್ಷಣದಲ್ಲಿ ಇಸಿಯು ಆ ವೈರನ್ನು ತನ್ನೊಳಗೆ ಅರ್ಥ್‌ಗೆ (ಬ್ಯಾಟರಿಯ ನೆಗೆಟಿವ್ ಕಡೆಗೆ) ಜೋಡಿಸುತ್ತದೆ, ಇಂಜೆಕ್ಟರ್‌ನ ಒಳಗಿನ ತಾಮ್ರದ ಸುರುಳಿಯಲ್ಲಿ ಕರೆಂಟ್ ಹರಿದು ಪೆಟ್ರೋಲಿನ ದಾರಿ ಮುಚ್ಚಿರುವ ಸೂಜಿ ಮೇಲೇಳುತ್ತದೆ. ಬಿಸಿಯಾದ ಎಂಜಿನ್ ಐಡಲಿಂಗ್‌ನಲ್ಲಿರುವಾಗ ಈ ಕೆಲಸ ಪ್ರತಿ ಸಲವೂ ಸಾಮಾನ್ಯವಾಗಿ 2ರಿಂದ 4 ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ. ಇಸಿಯು ತನ್ನ ತುದಿಯಲ್ಲಿ ಆ ವೈರಿನ ವೋಲ್ಟೇಜನ್ನು ಗಮನಿಸುತ್ತಲೇ ಇರುತ್ತದೆ. ಇಂಜೆಕ್ಟರ್ ಬಂದ್ ಇದ್ದಾಗ ಅಲ್ಲಿ ಬ್ಯಾಟರಿಯ ಪೂರ್ತಿ ವೋಲ್ಟೇಜ್ ಕಾಣಬೇಕು, ತೆರೆದಾಗ ಅದು ಸೊನ್ನೆಯ ಹತ್ತಿರಕ್ಕೆ ಇಳಿಯಬೇಕು. ಹಾಗೆ ಕಾಣದಿದ್ದರೆ ಕೋಡ್ ದಾಖಲಾಗುತ್ತದೆ. ವೈರು ತುಂಡಾಗಿದೆಯೋ, ಪಿನ್ ಸಡಿಲವಾಗಿದೆಯೋ, ಸುರುಳಿ ಕಡಿದಿದೆಯೋ, ತನ್ನದೇ ಡ್ರೈವರ್ (ಇಂಜೆಕ್ಟರ್‌ನ ವೈರನ್ನು ಅರ್ಥ್‌ಗೆ ಜೋಡಿಸುವ ಒಳಗಿನ ಎಲೆಕ್ಟ್ರಾನಿಕ್ ಸ್ವಿಚ್) ಸುಟ್ಟಿದೆಯೋ ಎಂಬುದನ್ನು ಇಸಿಯು ತಾನಾಗಿ ಬೇರ್ಪಡಿಸಿ ಹೇಳಲಾರದು. ಅದನ್ನು ಮೀಟರ್ ಹಿಡಿದ ಮನುಷ್ಯನೇ ಕಂಡುಹಿಡಿಯಬೇಕು.

ಮೊದಲು ಕಣ್ಣಿನಿಂದ ನೋಡಿ. ಇಗ್ನಿಷನ್ ಬಂದ್ ಮಾಡಿ, ಎರಡನೇ ಸಿಲಿಂಡರಿನ ಕಪ್ಲರಿನ ಲಾಕನ್ನು ಬೆರಳಿನಿಂದಲೇ ಒತ್ತಿ ಹೊರಗೆ ಎಳೆಯಿರಿ; ವೈರು ಹಿಡಿದು ಎಳೆಯಬಾರದು. ಬಾಯಿಯೊಳಗೆ ಟಾರ್ಚ್ ಬಿಟ್ಟು ನೋಡಿದರೆ ಎರಡು ಸಣ್ಣ ಸೀಳುಗಳು ಕಾಣುತ್ತವೆ. ಅವುಗಳ ಅಂಚಿನಲ್ಲಿ ಹಸಿರು ಪುಡಿ ಅಥವಾ ಬಿಳಿಯ ಉಪ್ಪು ಕಟ್ಟಿದ್ದರೆ ಅಲ್ಲಿಗೆ ಅರ್ಧ ಉತ್ತರ ಸಿಕ್ಕಂತೆ. ಒಳಗಿನ ರಬ್ಬರ್ ಸೀಲ್ ಮೆತ್ತಗೆ ಉಬ್ಬಿಕೊಂಡಿದೆಯೋ, ಚಪ್ಪಟೆಯಾಗಿ ಬಿರುಕು ಬಿಟ್ಟಿದೆಯೋ ಎಂದು ಉಗುರಿನಿಂದ ಮುಟ್ಟಿ ನೋಡಿ. ಆಮೇಲೆ ಕಪ್ಲರಿನ ಹಿಂಭಾಗಕ್ಕೆ ಬನ್ನಿ, ಅಂದರೆ ವೈರು ಒಳಹೋಗುವ ಕಡೆಗೆ. ನನ್ನ ಅನುಭವದಲ್ಲಿ ಕರಾವಳಿಯ ಕಾರುಗಳಲ್ಲಿ ಬಹಳಷ್ಟು ಸಲ ದೋಷ ಸಿಗುವ ಜಾಗ ಇದು, ಬಹಳಷ್ಟು ಮಂದಿ ನೋಡದೆ ಬಿಡುವ ಜಾಗವೂ ಇದೇ. ವೈರಿನ ಸಿಪ್ಪೆ ಹೊರಗಿನಿಂದ ಹೊಸದರಂತೆ ಕಾಣುತ್ತದೆ. ಆದರೆ ಉಪ್ಪುನೀರು ಒಳಗಿನ ತಾಮ್ರದ ಎಳೆಗಳ ನಡುವೆ ಹೀರಿಕೊಂಡು ಒಂದೆರಡು ಇಂಚು ಮೇಲಕ್ಕೇರಿ ಎಳೆಗಳನ್ನು ಕಪ್ಪಾಗಿಸಿರುತ್ತದೆ. ಅಂಥ ವೈರನ್ನು ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಬಗ್ಗಿಸಿದರೆ ಒಂದು ಕಡೆ ಗಟ್ಟಿಯಾಗಿ, ಪಕ್ಕದಲ್ಲೇ ಇದ್ದಕ್ಕಿದ್ದಂತೆ ಮೆತ್ತಗೆ ಅನ್ನಿಸುತ್ತದೆ. ಮೆತ್ತಗಿರುವ ಕಡೆ ಒಳಗೆ ತಾಮ್ರ ಉಳಿದಿಲ್ಲ ಎಂದು ತಿಳಿಯಬಹುದು.

ಎರಡನೆಯದಾಗಿ ಇಂಜೆಕ್ಟರ್‌ನ ರೋಧವನ್ನು ಅಳೆಯಿರಿ. ಇನ್‌ಟೇಕ್ ಪೋರ್ಟಿಗೆ (ಸಿಲಿಂಡರಿಗೆ ಗಾಳಿ ಹೋಗುವ ದಾರಿಗೆ) ಪೆಟ್ರೋಲ್ ಸಿಂಪಡಿಸುವ ಈಗಿನ ಕಾರುಗಳ ಇಂಜೆಕ್ಟರ್‌ಗಳು ಸಾಮಾನ್ಯವಾಗಿ 11ರಿಂದ 16 ಓಮ್ ತೋರಿಸುತ್ತವೆ. ನಿಮ್ಮ ಕಾರಿನ ನಿಖರ ಅಂಕಿಗಾಗಿ ಸರ್ವಿಸ್ ಪುಸ್ತಕ ನೋಡಬೇಕು. ಪುಸ್ತಕ ಸಿಗದಿದ್ದರೂ ಚಿಂತೆಯಿಲ್ಲ, ನಾಲ್ಕನ್ನೂ ಅಳೆದು ಹೋಲಿಸಿ. ಮೂರು 12 ಓಮ್ ತೋರಿಸಿ ಒಂದು ಮಾತ್ರ 7 ಅಥವಾ 30 ತೋರಿಸಿದರೆ ಅದು ಕೆಟ್ಟಿದೆ. ಮೀಟರ್ ಏನನ್ನೂ ತೋರಿಸದಿದ್ದರೆ ಸುರುಳಿ ಕಡಿದಿದೆ. ಹೊಸ ಇಂಜೆಕ್ಟರ್ ಮತ್ತು ನೀವು ಪಡೆದಿಟ್ಟುಕೊಂಡ ಹಳೆಯದು ಎರಡೂ ಒಂದೇ ಅಂಕಿ ತೋರಿಸಿದರೆ ನಿಮ್ಮ ಹಣ ಸುಮ್ಮನೆ ಹೋಗಿದೆ ಎಂದು ಬೇಸರದಿಂದಲೇ ಹೇಳಬೇಕಾಗುತ್ತದೆ, ಆದರೆ ದೋಷ ಹುಡುಕುವ ದಾರಿ ಅಲ್ಲಿಂದ ಸ್ಪಷ್ಟವಾಗುತ್ತದೆ.

ಮೂರನೆಯದು ಕಪ್ಲರಿಗೆ ಬರುವ 12 ವೋಲ್ಟಿನ ಪರೀಕ್ಷೆ. ಇಲ್ಲಿ ಅನುಭವಿಗಳೂ ಮೋಸ ಹೋಗುತ್ತಾರೆ. ಕೀ ಆನ್ ಮಾಡಿ ಮೀಟರಿನ ಕೆಂಪು ಕಡ್ಡಿಯನ್ನು ಪಿನ್ನಿಗೆ, ಕಪ್ಪನ್ನು ಬ್ಯಾಟರಿಯ ನೆಗೆಟಿವ್‌ಗೆ ಹಿಡಿದರೆ 12.4 ವೋಲ್ಟ್ ಕಾಣಬಹುದು, ವೈರು ಸರಿಯಿದೆ ಎಂದು ಕಪ್ಲರ್ ಹಾಕಿಬಿಡುತ್ತಾರೆ. ಮೀಟರ್ ಹೆಚ್ಚುಕಡಿಮೆ ಕರೆಂಟನ್ನೇ ಎಳೆಯುವುದಿಲ್ಲ. ಹತ್ತಾರು ಎಳೆಗಳಲ್ಲಿ ಒಂದೇ ಒಂದು ಉಳಿದಿದ್ದರೂ ಅದು ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಕಸ ಕಟ್ಟಿದ ಪೈಪಿನಲ್ಲೂ ನಲ್ಲಿ ಮುಚ್ಚಿದ್ದಾಗ ನೀರಿನ ಒತ್ತಡ ಪೂರ್ತಿಯೇ ಇರುತ್ತದೆ, ನಲ್ಲಿ ತಿರುಗಿಸಿದಾಗ ಮಾತ್ರ ನೀರು ಸಣ್ಣಗೆ ಬರುತ್ತದೆ, ಇದೂ ಹಾಗೆಯೇ. 12 ಓಮಿನ ಇಂಜೆಕ್ಟರ್ ತೆರೆದಾಗ ಸುಮಾರು 1 ಆಂಪಿಯರ್ ಎಳೆಯುತ್ತದೆ. ಆದ್ದರಿಂದ ಅಷ್ಟು ಭಾರ ಹೊರಿಸಿಯೇ ವೈರನ್ನು ಪರೀಕ್ಷಿಸಬೇಕು. ಇಂಡಿಕೇಟರಿನ 21 ವಾಟ್ ಬಲ್ಬಿಗೆ ಎರಡು ವೈರು ಬೆಸೆದುಕೊಂಡು ಒಂದನ್ನು ಕಪ್ಲರಿನ 12 ವೋಲ್ಟ್ ಪಿನ್ನಿಗೂ ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್‌ಗೂ ಕೊಡಿ. ಬಲ್ಬು ಝಗ್ಗನೆ ಉರಿಯಬೇಕು. ಉರಿಯುತ್ತಿರುವಾಗಲೇ ಪಿನ್ನಿನ ವೋಲ್ಟೇಜನ್ನೂ ಬ್ಯಾಟರಿಯ ವೋಲ್ಟೇಜನ್ನೂ ಅಳೆಯಿರಿ. ವ್ಯತ್ಯಾಸ 0.2 ಅಥವಾ 0.3 ವೋಲ್ಟಿನೊಳಗಿದ್ದರೆ ಸರಿ. ಅರ್ಧ ವೋಲ್ಟಿಗಿಂತ ಹೆಚ್ಚಿದ್ದರೆ ಆ ದಾರಿಯಲ್ಲಿ ಎಲ್ಲೋ ಕೊಳೆತ ಸಂಪರ್ಕವಿದೆ. ಕೆಲವು ಕಾರುಗಳಲ್ಲಿ ಕೀ ಆನ್ ಮಾಡಿದ ಮೇಲೆ ಒಂದೆರಡು ಸೆಕೆಂಡು ಮಾತ್ರ ಈ ಕರೆಂಟ್ ಬಂದು ನಿಲ್ಲುತ್ತದೆ, ಹಾಗಿದ್ದರೆ ಇನ್ನೊಬ್ಬರು ಸ್ಟಾರ್ಟರ್ ಹೊಡೆಯುತ್ತಿರುವಾಗ ಅಳೆಯಬೇಕಾಗುತ್ತದೆ.

ಈ ಬಲ್ಬನ್ನು ಯಾವ ಕಾರಣಕ್ಕೂ ಇಸಿಯುಗೆ ಹೋಗುವ ಪಿನ್ನಿಗೆ ಕೊಡಬೇಡಿ. ತಣ್ಣಗಿರುವ ಬಲ್ಬು ಹತ್ತಿಕೊಳ್ಳುವ ಕ್ಷಣದಲ್ಲಿ ಹಲವು ಪಟ್ಟು ಕರೆಂಟ್ ಎಳೆದು ಇಸಿಯು ಡ್ರೈವರನ್ನು ನಿಜವಾಗಿಯೂ ಸುಡಬಹುದು. ಆ ಕಡೆಯ ಪರೀಕ್ಷೆಗೆ ನಾಯ್ಡ್ ಲೈಟ್ ಎಂಬ ಪುಟ್ಟ ದೀಪ ಆಟೋ ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತದೆ. ಅದನ್ನು ಇಂಜೆಕ್ಟರ್ ಇರುವ ಜಾಗದಲ್ಲಿ ಕಪ್ಲರಿಗೆ ಸಿಕ್ಕಿಸಿ ಸ್ಟಾರ್ಟ್ ಮಾಡಿದರೆ ಇಸಿಯುವಿನ ಪ್ರತಿ ಆಜ್ಞೆಗೂ ಅದು ಮಿನುಗುತ್ತದೆ. ಬೇರೆ ಮೂರು ಕಪ್ಲರುಗಳಲ್ಲಿ ಚೆನ್ನಾಗಿ ಮಿನುಗಿ ಎರಡನೆಯದರಲ್ಲಿ ಮಾತ್ರ ಮಂಕಾಗಿದ್ದರೆ ಅಥವಾ ಮಿನುಗದಿದ್ದರೆ ಆಗ ಇಸಿಯುವರೆಗಿನ ವೈರಿನ ಮೇಲೆ ಅನುಮಾನಪಡಬೇಕು. ದೀಪ ಮಿನುಗುತ್ತಿರುವಾಗಲೇ ವೈರಿನ ಕಟ್ಟನ್ನು ಅಲ್ಲಲ್ಲಿ ಹಿಡಿದು ಅಲುಗಾಡಿಸಿ; ಬ್ಯಾಟರಿ ತಟ್ಟೆಯ ಹತ್ತಿರ, ಎಂಜಿನ್ನಿನಿಂದ ಬಾಡಿಯ ಕಡೆಗೆ ದಾಟುವ ತಿರುವಿನಲ್ಲಿ, ಕ್ಲಿಪ್ಪಿನ ಕೆಳಗೆ. ಎಲ್ಲಿ ಮುಟ್ಟಿದಾಗ ಮಿನುಗು ತಪ್ಪುತ್ತದೋ ಅಲ್ಲಿ ಟೇಪ್ ಬಿಚ್ಚಿ ನೋಡಬೇಕು. ವೈರಿನ ಸಿಪ್ಪೆಗೆ ಸೂಜಿ ಚುಚ್ಚಿ ಪರೀಕ್ಷಿಸುವ ಅಭ್ಯಾಸವನ್ನು ನಮ್ಮ ಕರಾವಳಿಯಲ್ಲಿ ಬಿಡಲೇಬೇಕು. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಸುರಿಯುವ, ಉಳಿದ ತಿಂಗಳು ಉಪ್ಪುಗಾಳಿ ಬೀಸುವ ಊರಿನಲ್ಲಿ ಆ ಸೂಜಿ ತೂತೇ ಮುಂದಿನ ಮಳೆಗಾಲದ ದೋಷವಾಗುತ್ತದೆ.

ಇಷ್ಟೆಲ್ಲ ಸರಿಯಿದ್ದು, ಬ್ಯಾಟರಿ ಕಳಚಿ ಇಸಿಯುವಿನ ಪ್ಲಗ್ ಬಿಚ್ಚಿ ಎರಡೂ ತುದಿಗಳ ನಡುವೆ ವೈರು ಗಟ್ಟಿಯಾಗಿದೆ ಎಂದು ಖಚಿತವಾದ ಮೇಲೂ ದೀಪ ಮಿನುಗದಿದ್ದರೆ ಮಾತ್ರ ಇಸಿಯು ವಿಚಾರಕ್ಕೆ ಬರಬಹುದು. ಆಗಲೂ ಹೊಸದನ್ನು ಹಾಕುವ ಮೊದಲು ಎಲ್ಲ ಇಂಜೆಕ್ಟರ್‌ಗಳ ರೋಧವನ್ನು ಮತ್ತೊಮ್ಮೆ ನೋಡಿಕೊಳ್ಳಬೇಕು, ಏಕೆಂದರೆ ಒಳಗೆ ಶಾರ್ಟ್ ಆದ ಇಂಜೆಕ್ಟರ್ ಹಳೆಯ ಡ್ರೈವರನ್ನು ಸುಟ್ಟಿದ್ದರೆ ಹೊಸದನ್ನೂ ಸುಡುತ್ತದೆ.

ನಿಮ್ಮ ಕಾರಿನಲ್ಲಿ ಹೆಚ್ಚಾಗಿ ಕಪ್ಲರ್ ಬದಲಾವಣೆಯಲ್ಲೇ ಕೆಲಸ ಮುಗಿಯುತ್ತದೆ ಎಂದು ನನ್ನ ಅಂದಾಜು. ವೈರು ಸಮೇತ ಸಿಗುವ ಹೊಸ ಕಪ್ಲರ್ ತಂದು, ಹಳೆಯ ವೈರನ್ನು ಹೊಳೆಯುವ ತಾಮ್ರ ಕಾಣುವವರೆಗೂ ಹಿಂದಕ್ಕೆ ಕತ್ತರಿಸಿ ಜೋಡಿಸಬೇಕು. ಕಪ್ಪಾದ ಎಳೆಗೆ ಬೆಸುಗೆ ಹಿಡಿಯುವುದಿಲ್ಲ, ಹಿಡಿದಂತೆ ಕಂಡರೂ ಉಳಿಯುವುದಿಲ್ಲ.

ಪ್ರಶ್ನೆ: ನಮ್ಮ ಮನೆ ಶಿರಸಿಯಿಂದ ಸ್ವಲ್ಪ ಒಳಗೆ ತೋಟದ ಪಕ್ಕ ಇದೆ. ಕಾರನ್ನು ಅಡಿಕೆ ಸಿಪ್ಪೆ ರಾಶಿ ಹಾಕಿದ ಕೊಟ್ಟಿಗೆಯ ಮಾಡಿನ ಕೆಳಗೆ ನಿಲ್ಲಿಸುತ್ತೇವೆ. ಒಂದು ವಾರ ಓಡಿಸಿರಲಿಲ್ಲ. ಈಗ ಸ್ಟಾರ್ಟರ್ ಚೆನ್ನಾಗಿ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಊರಿನ ಮೆಕ್ಯಾನಿಕ್ ನೋಡಿ ನಾಲ್ಕು ಇಂಜೆಕ್ಟರ್‌ಗೂ ಸಿಗ್ನಲ್ ಬರುತ್ತಿಲ್ಲ ಎಂದರು. ನಾಲ್ಕೂ ಒಟ್ಟಿಗೆ ಹೋಗುವುದುಂಟೇ?
– ಓದುಗರು, ಶಿರಸಿ ತಾಲ್ಲೂಕು

ಉತ್ತರ: ನಾಲ್ಕು ಇಂಜೆಕ್ಟರ್‌ಗಳು ಒಂದೇ ದಿನ ಕೆಡುವುದು ಇಲ್ಲವೆನ್ನುವಷ್ಟು ಅಪರೂಪ. ನಾಲ್ಕಕ್ಕೂ ಸಾಮಾನ್ಯವಾದದ್ದು ಏನೋ ಕೆಟ್ಟಿದೆ. ಮೊದಲು ಕೇಳಬೇಕಾದ ಪ್ರಶ್ನೆ, ಕಪ್ಲರಿನಲ್ಲಿ 12 ವೋಲ್ಟ್ ಇದೆಯೇ ಎಂಬುದು. ಇಲ್ಲದಿದ್ದರೆ ಫ್ಯೂಸ್, ಮೇನ್ ರಿಲೇ ಮತ್ತು ಆ ಸಾಮಾನ್ಯ ವೈರನ್ನು ನೋಡಬೇಕು. ಇಂಥ ಹೊತ್ತಿನಲ್ಲಿ ಪಿ0201ರಿಂದ ಪಿ0204ರವರೆಗೆ ನಾಲ್ಕೂ ಕೋಡುಗಳು ಒಟ್ಟಿಗೆ ಬರುವುದುಂಟು. ಫ್ಯೂಸ್ ಹಾರಿದ್ದರೆ ಹೊಸದನ್ನು ಹಾಕಿ ಸುಮ್ಮನಾಗಬಾರದು, ಅದು ಏಕೆ ಹಾರಿತೆಂದು ಹುಡುಕಬೇಕು. ನಿಮ್ಮ ಕೊಟ್ಟಿಗೆಯ ವಿವರ ಓದಿದಾಗ ನನಗೆ ಮೊದಲು ಹೊಳೆದದ್ದು ಇಲಿ. ಬೆಚ್ಚಗಿನ ಎಂಜಿನ್, ಹತ್ತಿರದಲ್ಲೇ ಸಿಪ್ಪೆರಾಶಿ, ವಾರಗಟ್ಟಲೆ ಅಲುಗಾಡದ ಗಾಡಿ. ಇಲಿ ಹೆಗ್ಗಣಗಳಿಗೆ ಇದಕ್ಕಿಂತ ಅನುಕೂಲ ಬೇಕಿಲ್ಲ. ಇನ್‌ಟೇಕ್ ಮ್ಯಾನಿಫೋಲ್ಡಿನ ಕೆಳಗೆ ಮತ್ತು ಬ್ಯಾಟರಿ ತಟ್ಟೆಯ ಅಡಿಯಲ್ಲಿ ಹಿಕ್ಕೆ, ಅಡಿಕೆ ಸಿಪ್ಪೆಯ ನಾರು, ಕಡಿದ ವೈರಿನ ಸಿಪ್ಪೆಯ ಬಣ್ಣದ ಚೂರು ಇವೆಯೇ ಎಂದು ಟಾರ್ಚ್ ಹಿಡಿದು ನೋಡಿಸಿ.

12 ವೋಲ್ಟ್ ಸರಿಯಾಗಿದ್ದು ನಾಯ್ಡ್ ಲೈಟ್ ಮಾತ್ರ ಮಿನುಗದಿದ್ದರೆ ದೋಷ ಇಂಜೆಕ್ಟರ್ ಸರ್ಕ್ಯೂಟಿನಲ್ಲೇ ಇಲ್ಲದಿರಬಹುದು. ಎಂಜಿನ್ ತಿರುಗುತ್ತಿದೆ ಎಂದು ಇಸಿಯುಗೆ ತಿಳಿಸುವುದು ಕ್ರ್ಯಾಂಕ್ ಸೆನ್ಸರ್. ಅದರ ವೈರು ಕಡಿದಿದ್ದರೆ ಇಸಿಯು ಪೆಟ್ರೋಲನ್ನೂ ಬಿಡುವುದಿಲ್ಲ, ಕಿಡಿಯನ್ನೂ ಕೊಡುವುದಿಲ್ಲ. ಸ್ಕ್ಯಾನರ್‌ನಲ್ಲಿ ಲೈವ್ ಡೇಟಾ ತೆರೆದು ಸ್ಟಾರ್ಟರ್ ಹೊಡೆಯುವಾಗ ಎಂಜಿನ್ ವೇಗ ನೋಡಿಸಿ. ನಿಮಿಷಕ್ಕೆ 200 ಸುತ್ತಿನ ಆಸುಪಾಸು ತೋರಿಸಿದರೆ ಸೆನ್ಸರ್ ಸರಿಯಿದೆ. ಸ್ಟಾರ್ಟರ್ ತಿರುಗುತ್ತಿದ್ದರೂ ಸೊನ್ನೆ ತೋರಿಸಿದರೆ ಆ ಸೆನ್ಸರ್ ಮತ್ತು ಅದರ ವೈರನ್ನು ಹಿಡಿಯಿರಿ, ಪಿ0335 ಕೋಡ್ ಕೂಡ ಬಂದಿರಬಹುದು. ಕೀಲಿಯ ಚಿತ್ರವಿರುವ ಇಮೊಬಿಲೈಸರ್ ದೀಪ ಮಿಟುಕುತ್ತಿದೆಯೇ ಎಂದೂ ಗಮನಿಸಿ. ಕೀಲಿಯ ಗುರುತು ಸಿಗದಿದ್ದರೆ ಹಲವು ಕಾರುಗಳಲ್ಲಿ ಇಸಿಯು ಇಂಜೆಕ್ಟರ್‌ಗಳನ್ನೇ ತಡೆಯುತ್ತದೆ.

ಇಲಿ ಕಡಿದ ವೈರನ್ನು ಜೋಡಿಸುವಾಗ ಬರಿಯ ಇನ್ಸುಲೇಷನ್ ಟೇಪ್ ಸುತ್ತಿ ಮುಗಿಸಬಾರದು. ಅಷ್ಟೇ ದಪ್ಪದ ವೈರನ್ನು ಸೇರಿಸಿ ಕ್ರಿಂಪ್ ಮಾಡಿ ಅಥವಾ ಬೆಸುಗೆ ಹಾಕಿ, ಒಳಗೆ ಗೋಂದು ಇರುವ ಹೀಟ್ ಶ್ರಿಂಕ್ ಕೊಳವೆಯನ್ನು ಏರಿಸಿ ಬಿಸಿ ಮಾಡಿಸಿ. ಗೋಂದು ಎರಡೂ ತುದಿಯಲ್ಲಿ ಸ್ವಲ್ಪ ಹೊರಗೆ ಉಕ್ಕಿದ್ದು ಕಾಣಬೇಕು, ಆಗ ನೀರು ಒಳಸೇರದು. ನಾಲ್ಕಾರು ವೈರುಗಳ ಜೋಡಣೆ ಒಂದೇ ಜಾಗದಲ್ಲಿ ಬರದಂತೆ ಹಿಂದೆ ಮುಂದೆ ಮಾಡಿಸಿ. ಸಿಪ್ಪೆರಾಶಿಯನ್ನು ಮಾತ್ರ ಕಾರಿನಿಂದ ದೂರ ಹಾಕಲೇಬೇಕು.

ಪ್ರಶ್ನೆ: ಒಂದು ತಿಂಗಳಿನಿಂದ ಸೈಲೆನ್ಸರಿನಲ್ಲಿ ಕಪ್ಪು ಹೊಗೆ, ಮೈಲೇಜ್ ತೀರ ಕಡಿಮೆ. ಮೂರನೇ ಸಿಲಿಂಡರಿನ ಸ್ಪಾರ್ಕ್ ಪ್ಲಗ್ ಪೆಟ್ರೋಲಿನಲ್ಲಿ ನೆನೆದಿತ್ತು. ಎಂಜಿನ್ ಆಯಿಲ್ ಕಡ್ಡಿ ಎಳೆದರೆ ಪೆಟ್ರೋಲ್ ವಾಸನೆ, ಆಯಿಲ್ ಮಟ್ಟ ಮೊದಲಿಗಿಂತ ಮೇಲಿದೆ. ಹೇಗೋ ಓಡಿಸುತ್ತಿದ್ದೇನೆ.
– ಓದುಗರು, ಅಂಕೋಲಾ

ಉತ್ತರ: ಇಂದಿನಿಂದಲೇ ಓಡಿಸುವುದನ್ನು ನಿಲ್ಲಿಸಿ. ಈ ಅಂಕಣದ ಎಲ್ಲ ಪತ್ರಗಳಲ್ಲಿ ನನಗೆ ಆತಂಕ ಹುಟ್ಟಿಸಿದ್ದು ನಿಮ್ಮದು. ಪೆಟ್ರೋಲ್ ಬೆರೆತ ಆಯಿಲ್ ಬೇರಿಂಗುಗಳನ್ನು ಕಾಯುವುದಿಲ್ಲ; ಉರಿಯದ ಪೆಟ್ರೋಲ್ ಸೈಲೆನ್ಸರಿನಲ್ಲಿ ಹೊಗೆಯನ್ನು ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದು ಅದನ್ನು ಕರಗಿಸುತ್ತದೆ; ನಿಂತ ಎಂಜಿನ್ನಿನ ಸಿಲಿಂಡರಿನಲ್ಲಿ ಪೆಟ್ರೋಲ್ ತುಂಬಿದ್ದರೆ ಸ್ಟಾರ್ಟ್ ಮಾಡುವಾಗ ಕನೆಕ್ಟಿಂಗ್ ರಾಡ್ ಬಾಗಬಹುದು.

ಕಾರಣ ಹೆಚ್ಚಾಗಿ ಎರಡರಲ್ಲಿ ಒಂದು. ಸೂಜಿಗೆ ಕಸ ಸಿಕ್ಕಿ ಇಂಜೆಕ್ಟರ್ ಮುಚ್ಚದೆ ಉಳಿದಿರಬಹುದು, ಇಲ್ಲವೇ ಇಸಿಯುಗೆ ಹೋಗುವ ವೈರಿನ ಸಿಪ್ಪೆ ಸವೆದು ಕಾರಿನ ಲೋಹದ ಬಾಡಿಯನ್ನು ತಾಗುತ್ತಿರಬಹುದು. ವೈರು ಬಾಡಿಯನ್ನು ತಾಗಿದರೆ ಇಸಿಯು ಆಜ್ಞೆ ಕೊಡಲಿ ಬಿಡಲಿ ಸುರುಳಿಗೆ ಅರ್ಥ್ ಸಿಕ್ಕೇ ಇರುತ್ತದೆ, ಕೀ ಆನ್ ಇರುವಷ್ಟು ಹೊತ್ತು ಇಂಜೆಕ್ಟರ್ ತೆರೆದೇ ಇರುತ್ತದೆ. ಬೇರ್ಪಡಿಸುವುದು ಸುಲಭ. ಬ್ಯಾಟರಿಯ ನೆಗೆಟಿವ್ ಕಳಚಿ, ಮೂರನೇ ಸಿಲಿಂಡರಿನ ಕಪ್ಲರನ್ನೂ ಇಸಿಯುವಿನ ಪ್ಲಗ್ಗನ್ನೂ ಬಿಚ್ಚಿ, ಆ ವೈರಿಗೂ ಬಾಡಿಗೂ ನಡುವೆ ರೋಧ ಅಳೆಯಿಸಿ. ಮೀಟರ್ ಏನನ್ನೂ ತೋರಿಸಬಾರದು. ಕೆಲವೇ ಓಮ್ ತೋರಿಸಿದರೆ ವೈರು ಎಲ್ಲೋ ತಾಗುತ್ತಿದೆ. ಇಸಿಯುವಿನ ಪ್ಲಗ್ ಮತ್ತೆ ಹಾಕಿದಾಗ ಮಾತ್ರ ಅದು ತೋರಿಸಿದರೆ ಡ್ರೈವರ್ ಒಳಗೇ ಶಾರ್ಟ್ ಆಗಿರಬಹುದು. ಎರಡೂ ಅಲ್ಲವಾದರೆ ಇಂಜೆಕ್ಟರನ್ನು ಬಿಚ್ಚಿಸಿ ಸೋರಿಕೆ ಪರೀಕ್ಷೆ ಮಾಡಿಸಿ. ಫ್ಯೂಯಲ್ ರೈಲಿನಲ್ಲಿ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಕೊಳವೆಯಲ್ಲಿ) 3ರಿಂದ 4 ಬಾರ್ ಒತ್ತಡವಿರುವುದರಿಂದ ಒತ್ತಡ ಇಳಿಸದೆ ಬಿಚ್ಚಬಾರದು, ಹತ್ತಿರದಲ್ಲಿ ಬೆಂಕಿ ಇರಬಾರದು. ದುರಸ್ತಿಯಾದ ಮೇಲೆ ಆಯಿಲ್ ಮತ್ತು ಆಯಿಲ್ ಫಿಲ್ಟರ್ ಬದಲಾಯಿಸಿಯೇ ಸ್ಟಾರ್ಟ್ ಮಾಡಿ.

ಪ್ರಶ್ನೆ: ಹಳೆಯ ಕಾರು ಕೊಂಡಿದ್ದೇನೆ. ಮೊದಲಿನವರು ಗ್ಯಾಸ್ ಕಿಟ್ ಹಾಕಿಸಿ ಆಮೇಲೆ ತೆಗೆಸಿದ್ದರಂತೆ. ಕುಮಟಾದಲ್ಲಿ ಎಷ್ಟು ಓಡಿಸಿದರೂ ತೊಂದರೆ ಇಲ್ಲ. ದೇವಿಮನೆ ಘಟ್ಟ ಅರ್ಧ ಹತ್ತಿದಾಗ ಪಿಕಪ್ ಬಿದ್ದು ಮಿಸ್ಸಿಂಗ್ ಶುರುವಾಗುತ್ತದೆ, ಪಿ0203 ಬರುತ್ತದೆ. ಶಿರಸಿ ಮುಟ್ಟಿ ಒಂದು ಗಂಟೆ ನಿಲ್ಲಿಸಿದರೆ ಎಲ್ಲ ಸರಿ. ಗ್ಯಾರೇಜಿಗೆ ಹೋದಾಗ ದೋಷ ಕಾಣಿಸುವುದೇ ಇಲ್ಲ.
– ಓದುಗರು, ಕುಮಟಾ

ಉತ್ತರ: ಬಿಸಿಯಾದಾಗ ಮಾತ್ರ ಬರುವ ದೋಷವನ್ನು ಬಿಸಿಯಾಗಿದ್ದಾಗಲೇ ಅಳೆಯಬೇಕು, ತಣ್ಣಗಾದ ಗಾಡಿಯನ್ನು ನೋಡಿ ಪ್ರಯೋಜನವಿಲ್ಲ. ತಾಮ್ರದ ರೋಧ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇಕಡ 0.4ರಷ್ಟು ಏರುತ್ತದೆ. ಆದ್ದರಿಂದ 20 ಡಿಗ್ರಿಯಲ್ಲಿ 12 ಓಮ್ ಇದ್ದ ಇಂಜೆಕ್ಟರ್ 90 ಡಿಗ್ರಿಯಲ್ಲಿ 15 ಓಮ್ ದಾಟಿ ತೋರಿಸಿದರೆ ಗಾಬರಿಯಾಗಬೇಡಿ, ಅದು ಸಹಜ. ಒಂದು ಮಾತ್ರ ಉಳಿದವುಗಳಿಂದ ಬೇರೆಯಾಗಿ ಹಾರಿದರೆ ಅಥವಾ ಪೂರ್ತಿ ಕಡಿದುಹೋದಂತೆ ತೋರಿಸಿದರೆ ಸುರುಳಿಯಲ್ಲಿ ಬಿರುಕಿದೆ ಎಂದರ್ಥ. ಘಟ್ಟದಲ್ಲಿ ತೊಂದರೆ ಶುರುವಾದ ಮೇಲೆ ರಸ್ತೆಯ ತಿರುವಿನಲ್ಲಲ್ಲ, ವಾಹನಗಳಿಗೆ ಅಡ್ಡವಾಗದ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಅಳೆಯುವುದು ಒಂದು ದಾರಿ.

ಇನ್ನೊಂದು ದಾರಿ ಇದಕ್ಕಿಂತ ಸರಳ. ಮನೆಯಲ್ಲೇ ಎರಡನೇ ಮತ್ತು ಮೂರನೇ ಸಿಲಿಂಡರಿನ ಕಪ್ಲರುಗಳನ್ನು, ವೈರಿನ ಉದ್ದ ಸಾಕಾದರೆ, ಅದಲುಬದಲು ಮಾಡಿ ಘಟ್ಟ ಹತ್ತಿ. ಪೋರ್ಟ್ ಇಂಜೆಕ್ಷನ್ ಎಂಜಿನ್ನಿನಲ್ಲಿ ಪೆಟ್ರೋಲ್ ಬೀಳುವ ಹೊತ್ತು ತುಸು ಹಿಂದುಮುಂದಾದರೂ ಪರೀಕ್ಷೆಯ ಮಟ್ಟಿಗೆ ಗಾಡಿ ಓಡುತ್ತದೆ. ಈಗ ಪಿ0202 ಬಂದರೆ ಮೂರನೇ ಸಿಲಿಂಡರಿನ ಇಂಜೆಕ್ಟರೇ ಕೆಟ್ಟಿದೆ, ಏಕೆಂದರೆ ಎರಡನೆಯದರ ವೈರಿಗೆ ಈಗ ಅದು ಸಿಕ್ಕಿದೆ. ಪಿ0203 ಬಂದರೆ ಇಂಜೆಕ್ಟರ್ ನಿರ್ದೋಷಿ, ವೈರು ದೋಷಿ. ಇಲ್ಲಿ ಎಚ್ಚರ ತಪ್ಪಬಾರದು. ಮಿಸ್‌ಫೈರ್ (ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯದಿರುವುದು) ಹೇಳುವ ಪಿ0303ರಂಥ ಕೋಡುಗಳು ಸಿಲಿಂಡರನ್ನೇ ಹಿಂಬಾಲಿಸುತ್ತವೆ, ಸರ್ಕ್ಯೂಟಿನ ಕೋಡುಗಳು ವೈರನ್ನು ಹಿಂಬಾಲಿಸುತ್ತವೆ. ಎರಡನ್ನೂ ಬೆರೆಸಿ ಓದಿದರೆ ತೀರ್ಮಾನ ತಲೆಕೆಳಗಾಗುತ್ತದೆ.

ನನ್ನ ಅನುಮಾನ ಗ್ಯಾಸ್ ಕಿಟ್ಟಿನ ಹಳೆಯ ಜೋಡಣೆಯ ಮೇಲಿದೆ. ಪ್ರತಿ ಸಿಲಿಂಡರಿಗೂ ಬೇರೆಬೇರೆಯಾಗಿ ಗ್ಯಾಸ್ ಕೊಡುವ ಸೀಕ್ವೆನ್ಷಿಯಲ್ ಕಿಟ್ ಹಾಕುವಾಗ ಪೆಟ್ರೋಲ್ ಇಂಜೆಕ್ಟರ್‌ಗಳನ್ನು ನಿಲ್ಲಿಸುವುದಕ್ಕಾಗಿ ಅವುಗಳ ವೈರುಗಳನ್ನು ಕತ್ತರಿಸಿ ಕಿಟ್ಟಿನ ಕಂಪ್ಯೂಟರ್ ಮೂಲಕ ಹಾಯಿಸುವುದು ಸಾಮಾನ್ಯ ಪದ್ಧತಿ. ಕಿಟ್ ತೆಗೆದಾಗ ಆ ತುಂಡುಗಳನ್ನು ಮತ್ತೆ ಕೂಡಿಸುತ್ತಾರೆ, ಆದರೆ ಕೈಯಿಂದ ಹೊಸೆದು ಟೇಪ್ ಸುತ್ತಿದ ಕೂಡುಗಳು ಬಿಸಿಗೆ ಸಡಿಲವಾಗುತ್ತವೆ. ಇಂಜೆಕ್ಟರ್‌ಗಳಿಂದ ಒಂದೆರಡು ಗೇಣು ಹಿಂದೆ ವೈರಿನ ಕಟ್ಟು ಉಬ್ಬಿದಂತೆ, ಅಂಟು ಕರಗಿದ ಟೇಪಿನಂತೆ ಕಂಡರೆ ಅದನ್ನು ಬಿಚ್ಚಿಸಿ, ನಾಲ್ಕೂ ಕೂಡುಗಳನ್ನು ಹೊಸದಾಗಿ ಮಾಡಿಸಿ. ಮೂರನೆಯದನ್ನು ಮಾತ್ರ ಮಾಡಿಸಿದರೆ ಉಳಿದವು ಮುಂದಿನ ಬೇಸಿಗೆಗೆ ಕೈಕೊಡುತ್ತವೆ.

ಪ್ರಶ್ನೆ: ಶೇಕಡ 20 ಎಥೆನಾಲ್ ಇರುವ ಪೆಟ್ರೋಲಿನಿಂದಲೇ ಇಂಜೆಕ್ಟರ್ ಸರ್ಕ್ಯೂಟಿನ ಕೋಡ್ ಬರುತ್ತಿದೆ ಎಂದು ಹೇಳುತ್ತಾರೆ. ನಿಜವೇ?
– ಓದುಗರು, ಗೋಕರ್ಣ

ಉತ್ತರ: ಪಿ0201ರಿಂದ ಪಿ0204ರವರೆಗಿನ ಕೋಡುಗಳು ವೋಲ್ಟೇಜನ್ನು ನೋಡಿ ಬರುವಂಥವು; ಇಂಜೆಕ್ಟರ್ ಒಳಗೆ ಯಾವ ಇಂಧನ ಹರಿಯುತ್ತಿದೆ ಎಂಬುದು ಆ ಪರೀಕ್ಷೆಗೆ ಕಾಣುವುದೇ ಇಲ್ಲ. ಎಥೆನಾಲ್ ನೀರನ್ನು ಹೀರಿಕೊಳ್ಳುವುದು ನಿಜ, ಬಹಳ ಕಾಲ ನಿಂತ ಗಾಡಿಯ ಟ್ಯಾಂಕಿನಲ್ಲಿ ನೀರು ಬೇರ್ಪಟ್ಟು ತೊಂದರೆಯಾಗಬಹುದು, ಹಳೆಯ ಗಾಡಿಗಳ ರಬ್ಬರ್ ಭಾಗಗಳ ಬಗ್ಗೆಯೂ ಎಚ್ಚರ ಬೇಕು. ಅವುಗಳಿಂದ ಮಿಸ್‌ಫೈರ್ ಕೋಡ್ ಅಥವಾ ಮಿಶ್ರಣ ತೆಳುವಾಗಿದೆ ಎಂಬ ಪಿ0171 ಬರಬಹುದು. ಸರ್ಕ್ಯೂಟಿನ ಕೋಡ್ ಬಂದಿದ್ದರೆ ಪೆಟ್ರೋಲ್ ಬಿಟ್ಟು ವೈರು ನೋಡಿ.

ಪ್ರಶ್ನೆ: ನಮ್ಮದು ಡೀಸೆಲ್ ಕಾರು. ಇಂಜೆಕ್ಟರನ್ನು ಇದೇ ರೀತಿ ಮೀಟರ್ ಮತ್ತು ಬಲ್ಬಿನಿಂದ ಪರೀಕ್ಷಿಸಬಹುದೇ?
– ಓದುಗರು, ಭಟ್ಕಳ

ಉತ್ತರ: ಬೇಡ. ಕಾಮನ್ ರೈಲ್ ಡೀಸೆಲ್ ಇಂಜೆಕ್ಟರ್‌ಗಳನ್ನು ಇಸಿಯು 12 ವೋಲ್ಟಿನಿಂದ ನಡೆಸುವುದಿಲ್ಲ. ತೆರೆಯುವ ಕ್ಷಣದಲ್ಲಿ ಅದು 50 ವೋಲ್ಟಿಗಿಂತ ಹೆಚ್ಚು, ಸುರುಳಿಯ ಬದಲು ಹರಳಿನಿಂದ ನಡೆಯುವ ಪೀಜೋ ಮಾದರಿಯಲ್ಲಿ 100 ವೋಲ್ಟಿಗಿಂತಲೂ ಹೆಚ್ಚು ಕೊಡುತ್ತದೆ. ಎಂಜಿನ್ ಓಡುತ್ತಿರುವಾಗ ಆ ಕಪ್ಲರನ್ನು ಬಿಚ್ಚುವುದು ನಿಮಗೂ ಇಂಜೆಕ್ಟರ್‌ಗೂ ಅಪಾಯ. ಸುರುಳಿ ಇರುವ ಮಾದರಿಯ ರೋಧ ಒಂದು ಓಮಿಗಿಂತಲೂ ಕಡಿಮೆ ಇರುವುದರಿಂದ ಸಾಧಾರಣ ಮೀಟರಿನ ಅಂಕಿಯನ್ನು ನಂಬಲಾಗದು. ರೈಲಿನ ಒತ್ತಡ ಸಾವಿರ ಬಾರ್ ಮೀರುತ್ತದೆ, ಸೋರಿಕೆಯ ಹನಿ ಚರ್ಮವನ್ನೇ ತೂರಿ ಒಳಹೋಗಬಲ್ಲದು. ನೀವು ಮಾಡಬಹುದಾದದ್ದು ಎಂಜಿನ್ ನಿಂತಿದ್ದಾಗ ಕಪ್ಲರುಗಳಲ್ಲಿ ಕಿಲುಬು ಮತ್ತು ವೈರಿನಲ್ಲಿ ಸವೆತ ಇದೆಯೇ ಎಂದು ನೋಡುವುದಷ್ಟೇ. ಉಳಿದದ್ದನ್ನು ಡೀಸೆಲ್ ಇಂಜೆಕ್ಷನ್ ಕೆಲಸವನ್ನೇ ಮಾಡುವವರಿಗೆ ಬಿಡಿ. ನೇರವಾಗಿ ಸಿಲಿಂಡರಿಗೆ ಸಿಂಪಡಿಸುವ ಟರ್ಬೊ ಪೆಟ್ರೋಲ್ ಎಂಜಿನ್ನುಗಳಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ. ಅಲ್ಲಿಯೂ ಸುಮಾರು 65 ವೋಲ್ಟ್ ಇರುತ್ತದೆ.

ಪ್ರಶ್ನೆ: ಬೈತಖೋಲದಿಂದ ಮೀನು ಸಾಗಿಸುವ ಪೆಟ್ರೋಲ್ ವ್ಯಾನ್ ಇದೆ. ವಾರಕ್ಕೊಮ್ಮೆ ಎಂಜಿನ್ ಸಮೇತ ಜೋರಾದ ನೀರಿನಲ್ಲಿ ತೊಳೆಸುತ್ತೇನೆ. ತೊಳೆಸಿದ ದಿನ ಸಂಜೆ ಮಿಸ್ಸಿಂಗ್ ಆಗುತ್ತದೆ. ಕಪ್ಲರುಗಳಿಗೆ ಗ್ರೀಸ್ ತುಂಬಿದರೆ ಸರಿಹೋಗುವುದೇ?
– ಓದುಗರು, ಕಾರವಾರ

ಉತ್ತರ: ಮೀನಿನ ಉಪ್ಪುನೀರು ಸೋರುವ ವ್ಯಾನನ್ನು ತೊಳೆಸುವುದು ಅಗತ್ಯ, ಬಾಡಿಯನ್ನೂ ಅಡಿಭಾಗವನ್ನೂ ಸಿಹಿನೀರಿನಲ್ಲಿ ಧಾರಾಳವಾಗಿ ತೊಳೆಸಿ. ಬಾನೆಟ್ ಒಳಗೆ ಮಾತ್ರ ಜೋರಾದ ನೀರು ಬಿಡಬಾರದು, ಆ ರಭಸಕ್ಕೆ ಕಪ್ಲರಿನ ರಬ್ಬರ್ ಸೀಲ್ ತಡೆಯುವುದಿಲ್ಲ. ಎಂಜಿನ್ ತಣ್ಣಗಾದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಈಗಾಗಲೇ ನೀರು ಒಳಸೇರಿರುವ ಕಪ್ಲರುಗಳನ್ನು ಬಿಚ್ಚಿ, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು, ಗಾಳಿಯಿಂದ ಒಣಗಿಸಿ, ಬಿರುಕು ಬಿಟ್ಟ ಸೀಲುಗಳನ್ನು ಬದಲಾಯಿಸಿಕೊಳ್ಳಿ.

ಗ್ರೀಸ್ ಹಚ್ಚಬಹುದು, ಆದರೆ ಬೇರಿಂಗಿನ ಗ್ರೀಸ್ ಅಲ್ಲ, ಡೈಎಲೆಕ್ಟ್ರಿಕ್ ಗ್ರೀಸ್ ಎಂದು ಕೇಳಿ ತನ್ನಿ. ಅದನ್ನು ಕಪ್ಲರಿನ ಹೊಟ್ಟೆ ತುಂಬಿಸದೆ, ರಬ್ಬರ್ ಸೀಲಿನ ಸುತ್ತ ಮತ್ತು ಹಿಂಬದಿಯಲ್ಲಿ ವೈರು ಒಳಹೋಗುವ ಬಾಯಿಗೆ ತೆಳ್ಳಗೆ ಹಚ್ಚಿ. ಕಿಲುಬು ಇರುವ ಪಿನ್ನಿನ ಮೇಲೆ ಗ್ರೀಸ್ ಹಾಕಿದರೆ ತೇವ ಒಳಗೇ ಉಳಿದು ಕಿಲುಬು ಮುಂದುವರಿಯುತ್ತದೆ, ಆದ್ದರಿಂದ ಪಿನ್ ಹೊಳೆಯುವಷ್ಟು ಶುದ್ಧವಾದ ಮೇಲೆಯೇ ಹಚ್ಚಬೇಕು. ಕಪ್ಲರನ್ನು ಒತ್ತುವಾಗ ಲಾಕ್ ಕುಳಿತ ಟಕ್ ಎಂಬ ಸದ್ದು ಕೇಳಿಸಬೇಕು; ಕೇಳಿಸದಿದ್ದರೆ ಲಾಕ್ ಮುರಿದಿದೆ, ಆ ಕಪ್ಲರನ್ನು ಬದಲಾಯಿಸಿ. ಈ ಕೆಲಸವನ್ನು ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲೇ ಮಾಡಿಸಿಕೊಳ್ಳಿ.